ಡಿಸೆಪ್ಟಿವ್ ಎಂಬ ಶಬ್ದವೂ ಕಟ್ಟಿಗೆಯ ಚಿಕ್ಕುವೂ

ಮೇಲವಂಕಿಯ ರಾಯಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಅವನಿಗೆ ಒಂದು ಶಬ್ದ ಬರುತ್ತದೆ. ಒಂದೇ ಒಂದು, ಆದರೆ ಅದರಿಂದ ಅವನು ಎಬ್ಬಿಸಿದ ಗದ್ದಲವನ್ನು ಸಾವಿರ ಶಬ್ದ ಬಲ್ಲವರೂ ಎಬ್ಬಿಸಿರಲಿಕ್ಕಿಲ್ಲ.

ಅವನು ಇಂಗ್ಲಿಷಿಗೆ ಕೈಹಾಕಿದ್ದು ಮಗಳ ಸಲುವಾಗಿ. ಮಗಳು ಕಸ್ತೂರಿ ಬಿ.ಎಡ್. ಮುಗಿಸಿ ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಬಂದ ನಾಲ್ಕು ಸಂಬಂಧಗಳಲ್ಲಿ ನಾಲ್ಕಕ್ಕೂ ಕೊಂಕು ತೆಗೆದಿದ್ದಳು. ಒಬ್ಬ ಬಹಳ ಮಾತಾಡುತ್ತಾನೆ, ಇನ್ನೊಬ್ಬ ಮಾತೇ ಆಡುವುದಿಲ್ಲ, ಮೂರನೆಯವನ ಮೀಸೆ ಸರಿಯಿಲ್ಲ, ನಾಲ್ಕನೆಯವನಿಗೆ ಮೀಸೆಯೇ ಇಲ್ಲ. ಐದನೆಯದು ಹುಕ್ಕೇರಿಯದು. ಕೊಣ್ಣೂರದ ಬಟ್ಟೆ ವ್ಯಾಪಾರಿ ಜಿನಪ್ಪ ಹುಡುಗನ ಫೋಟೋ ತಂದು ಮುಂದೆ ಹಿಡಿದರೆ, ಕಸ್ತೂರಿ ಅದನ್ನು ನೆಟ್ಟಗೆ ನೋಡದೆಯೇ ಆಗಲಿ ಅಂದುಬಿಟ್ಟಳು. ರಾಯಪ್ಪ ಇದು ಮನೆದೇವರ ಕೃಪೆ ಎಂದು ಆಗಲೇ ಹರಕೆ ಹೊತ್ತ.

ಸಂಬಂಧವೂ ಹಾಗೇ ಇತ್ತು. ಇಬ್ಬರದೂ ಕುರಿ ಸಾಕಿ ಹೊಲಕ್ಕೆ ಬಂದ ಮನೆತನ, ಬೆಡಗು, ಅಂದರೆ ಕುಲದ ಕವಲು, ಬೇರೆ ಬೇರೆ. ಹುಡುಗ ಯಲ್ಲೇಶ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನೌಕರ. ಫೋಟೋದಲ್ಲಿ ಮನೆಯ ಮುಂದೆ ಕೆಂಪು ಟ್ರ್ಯಾಕ್ಟರ್ ನಿಂತಿತ್ತು. ಎಲ್ಲಕ್ಕಿಂತ ಮೇಲಾಗಿ ಹುಡುಗನ ಕಾಕಾ ಕರೆಪ್ಪ ಇಂಗ್ಲಿಷ್ ಮಾಸ್ತರರಾಗಿ ನಿವೃತ್ತರಾದವರಂತೆ. ರಾಯಪ್ಪನ ನಿದ್ದೆ ಕೆಡಿಸಿದ್ದು ಈ ಕೊನೆಯ ಸಂಗತಿ. ಮಾಸ್ತರರು ಬಂದು ಕೂತು ಇಂಗ್ಲಿಷಿನಲ್ಲಿ ಏನೋ ಅಂದು, ತಾನು ಬಾಯಿ ಬಿಟ್ಟುಕೊಂಡು ಕೂತು, ಇಂಥವನ ಮಗಳು ನಮಗೆ ಬೇಡ ಎಂದು ಅವರು ಎದ್ದುಹೋದರೆ? ಮಗಳು ಒಪ್ಪಿದ ಒಂದೇ ಒಂದು ಸಂಬಂಧ ಅಪ್ಪನ ದಡ್ಡತನದಿಂದ ಮುರಿಯಿತು ಎಂದಾಗಬಾರದು.

ಏಳನೇ ಇಯತ್ತೆಯ ಹಳೆಯ ಗೆಳೆಯರದೊಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಗೋಕಾಕದ ಲಕ್ಷ್ಮಣನೆಂಬ ಪುಸ್ತಕದಂಗಡಿಯವನು ದಿನಾ ಬೆಳಿಗ್ಗೆ ಒಂದು ಇಂಗ್ಲಿಷ್ ಶಬ್ದ ಹಾಕುತ್ತಿದ್ದ. ಅವತ್ತು ಬಂದದ್ದು ಡಿಸೆಪ್ಟಿವ್. ಅರ್ಥ: ಕಾಣುವುದು ಒಂದು, ಇರುವುದು ಇನ್ನೊಂದು, ತೋರಿಕೆಯಿಂದ ದಾರಿ ತಪ್ಪಿಸುವಂಥದ್ದು. ಉದಾಹರಣೆ: ಅಪಿಯರನ್ಸಸ್ ಆರ್ ಡಿಸೆಪ್ಟಿವ್. ಕೆಳಗೆ ಸೂಚನೆ: ದಿನಕ್ಕೆ ಐದು ಸಲ ಬಳಸಿ, ವಾರದೊಳಗೆ ಶಬ್ದ ನಿಮ್ಮದಾಗುತ್ತದೆ.

ರಾಯಪ್ಪ ಅರ್ಥವನ್ನು ಸರಿಯಾಗಿಯೇ ತಿಳಿದುಕೊಂಡ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಅವನು ಅರ್ಥ ತಿಳಿಯದೆ ಎಡವಿದ ಎಂದು ಊರಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಅರ್ಥ ಸರಿಯಿತ್ತು, ಉಚ್ಚಾರವೂ ಸರಿಯಿತ್ತು. ಯಾರ ಮುಂದೆ, ಯಾವಾಗ ಆಡಬೇಕು ಎಂಬುದು ಮಾತ್ರ ವಾಟ್ಸಾಪಿನಲ್ಲಿ ಬಂದಿರಲಿಲ್ಲ.

ಮೊದಲ ಬಳಕೆ ಕುರಿಗಳ ಮೇಲೆ ಆಯಿತು. ರಾಯಪ್ಪನ ಇಪ್ಪತ್ತು ಕುರಿಗಳನ್ನು ಹೊಳೆಪ್ಪನೆಂಬವನು ತನ್ನವುಗಳ ಜೊತೆ ಮೇಯಿಸುತ್ತಿದ್ದ. ಸಂಜೆ ಹಿಂಡು ಮನೆಗೆ ಬಂದಾಗ ರಾಯಪ್ಪ ಅವುಗಳನ್ನೇ ದಿಟ್ಟಿಸಿ, ದೂರದಿಂದ ಎಲ್ಲ ಒಂದೇ ಥರ ಕಾಣುತ್ತವೆ, ಡಿಸೆಪ್ಟಿವ್ ಎಂದ. ಹೊಳೆಪ್ಪ ಅರ್ಥ ಕೇಳಿದ. ರಾಯಪ್ಪ ಬಹಳ ಗಂಭೀರವಾಗಿ, ಕಾಣೂದು ಒಂದು, ಇರೂದು ಒಂದು ಎಂದು ಬಿಡಿಸಿ ಹೇಳಿದ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ, ಮೂರು ತಿಂಗಳ ಹಿಂದೆ ತೋಳ ಹೊತ್ತೊಯ್ದಿದ್ದ ಟಗರುಮರಿ ಮೈಕೈ ತುಂಬಿಕೊಂಡು ಬಾಗಿಲ ಮುಂದಿನ ಗೂಟದಲ್ಲಿ ಕಟ್ಟಿಸಿಕೊಂಡು ನಿಂತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ರಾಯಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವನಿಗೆ ಹೊಳೆದದ್ದು ಬೇರೆ. ಮೇಲವಂಕಿ ಕಡೆಯ ತೋಳಗಳು ಬಹಳ ಒಳ್ಳೆಯವು ಎಂದು ಅವನು ತೀರ್ಮಾನಿಸಿದ.

ಮನೆಯಲ್ಲೂ ಶಬ್ದ ತಿರುಗಾಡತೊಡಗಿತು. ಪಲ್ಯೆ ಡಿಸೆಪ್ಟಿವ್, ಮೋಡ ಡಿಸೆಪ್ಟಿವ್, ಗೋಕಾಕದಿಂದ ತಂದ ಚಪ್ಪಲಿ ಡಿಸೆಪ್ಟಿವ್. ಹೆಂಡತಿ ತಾಯವ್ವ ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಆ ಶಬ್ದವನ್ನು ಮನೆಯಲ್ಲಿ ಆಡಬೇಡಿ, ಅದನ್ನು ಕೇಳಿದರೆ ನನಗೂ ಕಸ್ತೂರಿಗೂ ಎದೆ ಝಲ್ಲೆನ್ನುತ್ತದೆ ಎಂದಳು. ತನ್ನ ಇಂಗ್ಲಿಷಿಗೆ ಇಷ್ಟು ದರ್ಪ ಬಂದದ್ದು ಕೇಳಿ ರಾಯಪ್ಪ ಒಳಗೊಳಗೇ ಹಿಗ್ಗಿದ.

ರವಿವಾರ ಹುಕ್ಕೇರಿಯವರು ಕ್ರೂಸರ್ ಗಾಡಿ ಮಾಡಿಕೊಂಡು ಬಂದರು. ಐದು ಮಂದಿ ಬರುತ್ತೇವೆ ಅಂದವರು ಹದಿಮೂರು ಮಂದಿ ಇಳಿದರು. ನಮ್ಮ ಕಡೆ ಇದಕ್ಕೆ ಸುಳ್ಳು ಅನ್ನುವುದಿಲ್ಲ, ಬಳಗ ಅನ್ನುತ್ತಾರೆ. ಹುಡುಗ ಯಲ್ಲೇಶ ಇಳಿದವನೇ ರಾಯಪ್ಪನ ಕಾಲಿಗೆ ನಮಸ್ಕಾರ ಮಾಡಿ, ಬಹಳ ದಿನದ ಪರಿಚಯದವನಂತೆ ನಕ್ಕ. ರಾಯಪ್ಪ ಅದನ್ನು ಸಂಸ್ಕಾರ ಎಂದು ತಿಳಿದ. ಹುಡುಗನ ಅಪ್ಪ ಸಿದ್ರಾಯ ತಲೆಗೆ ಬಿಳಿ ಪಟಕಾ ಸುತ್ತಿ ನಡುವೆ ಕೂತರು. ಕರೆಪ್ಪ ಮಾಸ್ತರರು ಎದೆ ಸೆಟೆಸಿಕೊಂಡು, ತುಟಿ ಬಿಗಿದುಕೊಂಡು ಅವರ ಪಕ್ಕದ ಕುರ್ಚಿ ಹಿಡಿದರು. ಜಿನಪ್ಪ ಎರಡೂ ಕಡೆಯವರ ನಡುವೆ ನಗುತ್ತ ಕೂತ.

ರಾಯಪ್ಪ ಮಾಸ್ತರರ ಇಂಗ್ಲಿಷಿಗಾಗಿ ಕಾದ. ಉಪ್ಪಿಟ್ಟು ಮುಗಿಯಿತು, ಕರದಂಟು ಬಂತು, ಮಾಸ್ತರರು ಕನ್ನಡವನ್ನೂ ಆಡಲಿಲ್ಲ. ಕಡೆಗೆ ಅವನೇ ಗಂಟಲು ಸರಿಮಾಡಿಕೊಂಡು ಹುಡುಗನನ್ನು ಹೊಗಳಲು ಹೊರಟ.

"ನೋಡಾಕ ಕಾಲೇಜಿಗೆ ಹೋಗೋ ಹುಡುಗನಂಗ ಕಾಣ್ತಾರ್ರಿ. ಆದ್ರ ಡಿಸೆಪ್ಟಿವ್."

ಸಿದ್ರಾಯ ತಮ್ಮ ಕರೆಪ್ಪನ ಕಡೆ ಬಾಗಿ, ಏನಂದರು ಎಂದು ಕಿವಿಯಲ್ಲಿ ಕೇಳಿದರು. ಮಾಸ್ತರರು, ಮನಿಗೆ ಹೋಗಿ ಹೇಳ್ತೇನಿ ಎಂದು ಗೊಣಗಿದರು. ಇದನ್ನು ಕಂಡ ರಾಯಪ್ಪ ಶಬ್ದ ಸರಿಯಾಗಿ ನಾಟಿತು ಎಂದುಕೊಂಡು ಹುರುಪಾದ. ಬಾಗಿಲಲ್ಲಿ ಟ್ರ್ಯಾಕ್ಟರ್ ಇದ್ದರೂ ಇಷ್ಟು ಸಾದಾ ಇದ್ದೀರಿ, ಡಿಸೆಪ್ಟಿವ್ ಎಂದು ಸಿದ್ರಾಯರನ್ನು ಹೊಗಳಿದ. ಸಿದ್ರಾಯರಿಗೆ ಕರದಂಟಿನ ಅಂಟು ಗಂಟಲಲ್ಲಿ ಸಿಕ್ಕಿ ನೀರು ತರಿಸಬೇಕಾಯಿತು. ಆಮೇಲೆ ಮಾಸ್ತರರ ಕಡೆ ತಿರುಗಿ, ನಿಮ್ಮ ಮೈಕಟ್ಟು ನೋಡಿದರೆ ಇಂಗ್ಲಿಷ್ ಕಲಿಸಿದವರು ಎಂದು ಯಾರೂ ಅನ್ನುವುದಿಲ್ಲ, ಪಕ್ಕಾ ಡಿಸೆಪ್ಟಿವ್ ಎಂದ. ಮಾಸ್ತರರ ಕೈ ತಂತಾನೇ ಕೊರಳಿಗೆ ಹೋಗಿ, ಅಲ್ಲಿ ಏನನ್ನೋ ಹುಡುಕಿ, ಕೆಳಗಿಳಿಯಿತು. ಜಿನಪ್ಪನ ಸಂಬಂಧ ಹಚ್ಚುವ ಜಾಣತನಕ್ಕೂ ಒಂದು ಡಿಸೆಪ್ಟಿವ್ ಸಂದಾಯವಾಯಿತು. ಅಲ್ಲಿಗೆ ನಾಲ್ಕು.

ಅಷ್ಟರಲ್ಲಿ ಉಡಿ ತುಂಬುವ ಹೊತ್ತಾಯಿತು. ತಾಯವ್ವ ಇಬ್ಬರು ಹೆಂಗಸರ ಲೆಕ್ಕದಲ್ಲಿ ಹಣ್ಣು ಜೋಡಿಸಿಟ್ಟಿದ್ದಳು, ಬಂದವರು ಏಳು ಮಂದಿ. ಅವಳು ಗಂಡನಿಗೆ, ಒಳಗಿನ ಬುಟ್ಟಿ ತನ್ನಿರಿ ಎಂದು ಪಿಸುಗುಟ್ಟಿದಳು. ಅಡುಗೆಮನೆಯಲ್ಲಿ ಹಣ್ಣಿನ ಬುಟ್ಟಿ ಇತ್ತು. ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಟಿ.ವಿ. ಇಡುವ ಕಪಾಟಿನ ಮೇಲೆ ಇನ್ನೊಂದು ಬುಟ್ಟಿಯೂ ಇತ್ತು. ಗೋಕಾಕದ ಗೊಂಬೆ ಮಾಡುವವರ ಕೈಗೆಲಸ ಅದು. ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಚಿಕ್ಕು, ಪೇರಲ, ಮಾವು. ನೊಣವೂ ಬಂದು ಕೂತು ಬೇಸರಪಟ್ಟು ಹೋಗುವಷ್ಟು ಚೆಂದ. ಐದನೆಯ ವಾಕ್ಯವನ್ನು ಎಲ್ಲಿ ಹೇಳುವುದು ಎಂಬ ಚಿಂತೆಯಲ್ಲಿದ್ದ ರಾಯಪ್ಪ ಅರ್ಧ ದಾರಿಯಲ್ಲೇ ಸಿಕ್ಕ ಬುಟ್ಟಿಯನ್ನು ಎತ್ತಿಕೊಂಡು ಬಂದ.

ತಾಯವ್ವನ ಕಣ್ಣು ಬೀಗತಿಯರ ಮುಖದ ಮೇಲಿತ್ತು, ಹಣ್ಣಿನ ಮೇಲಿರಲಿಲ್ಲ. ಅಕ್ಕಿ, ಕಾಯಿ, ಖಣ, ಅಡಿಕೆ, ಎಲೆ, ಮೇಲೆ ಗಂಡ ತಂದ ಬುಟ್ಟಿಯಿಂದ ಒಂದೊಂದು ಹಣ್ಣು ಹಾಕಿ ಹುಡುಗನ ತಾಯಿ ರಾಮವ್ವ ಮೊದಲಾಗಿ ಎಲ್ಲರ ಉಡಿ ತುಂಬಿದಳು. ಅವರು ಸೆರಗು ಗಂಟು ಹಾಕಿಕೊಂಡು ಎದ್ದರು. ಗಾಡಿ ಹೊರಡುವಾಗ ರಾಯಪ್ಪ ಕಿಟಕಿಯ ಹತ್ತಿರ ನಿಂತು, ಕೈಮುಗಿದು, ಉಳಿದಿದ್ದ ಐದನೆಯದನ್ನು ಪೂರ್ತಿ ವಾಕ್ಯವಾಗಿಯೇ ಹೇಳಿ ಬೀಳ್ಕೊಟ್ಟ. "ಅಪಿಯರನ್ಸಸ್ ಆರ್ ಡಿಸೆಪ್ಟಿವ್ ರಿ. ಹೋಗಿ ಬರ್ರಿ."

ಸೋಮವಾರ ಬೆಳಿಗ್ಗೆ ಏಳಕ್ಕೆ ಜಿನಪ್ಪನ ಫೋನು ಬಂತು. ಅವನು ಹೇಳಿದ್ದನ್ನು ರಾಯಪ್ಪ ಎರಡು ಸಲ ಕೇಳಿದರೂ ಅದು ತನ್ನ ಮನೆಯಲ್ಲಿ ನಡೆದದ್ದು ಎಂದು ನಂಬಲಿಕ್ಕಾಗಲಿಲ್ಲ. ಘಟಪ್ರಭೆ ದಾಟುವಾಗ ಕರೆಪ್ಪ ಮಾಸ್ತರರು ಮೊಬೈಲಿನಲ್ಲಿ ಶಬ್ದದ ಅರ್ಥ ಹುಡುಕಿ ಗಾಡಿಯವರಿಗೆಲ್ಲ ಓದಿ ಹೇಳಿದರಂತೆ. ಮನೆಗೆ ಹೋಗಿ ರಾಮವ್ವ ಪದ್ಧತಿಯಂತೆ ಉಡಿಯನ್ನು ಓಣಿಯ ಮುತ್ತೈದೆಯರಿಗೆ ಹಂಚಿದಳು. ಅವರಲ್ಲಿ ಹಿರಿಯಳೊಬ್ಬಳು ಚಿಕ್ಕು ಕಚ್ಚಿದಳು. ಚಿಕ್ಕುವಿಗೆ ಏನೂ ಆಗಲಿಲ್ಲ. ಹಲ್ಲು ಬಿತ್ತು. ವಿಳಿಗೆ ತಂದು ಹೆಚ್ಚಿ ನೋಡಿದರೆ ಒಳಗೆ ಕಟ್ಟಿಗೆ.

"ಮೊದಲ ಐದು ಸರತಿ ಬಾಯಿಲೆ ಹೇಳಿದ್ರು, ಆಮ್ಯಾಲ ಉಡಿಯೊಳಗ ಹಾಕಿ ತಿಳಿಸಿದ್ರು ಅಂತ ಮಾಸ್ತರು ಅರ್ಥ ಮಾಡ್ಯಾರ್ರಿ," ಎಂದ ಜಿನಪ್ಪ. "ಅಹೋ ರಾಯಪ್ಪಾ, ಖರೆ ಹೇಳ್ರಿ, ನಿಮಗ ಎಷ್ಟು ಗೊತ್ತೈತಿ?"

ಯಾವುದರ ಬಗ್ಗೆ ಎಂದು ರಾಯಪ್ಪ ಕೇಳುವಷ್ಟರಲ್ಲಿ ಜಿನಪ್ಪ, ತಿಳೀತು ತಿಳೀತು ಎಂದು ಫೋನು ಇಟ್ಟುಬಿಟ್ಟ. ತಾಯವ್ವ ಅಡುಗೆಮನೆಯಿಂದ ಹಣ್ಣಿನ ಬುಟ್ಟಿಯನ್ನು ತುಂಬಿದ್ದು ತುಂಬಿದಂತೆಯೇ ಹೊರಗೆ ತಂದು ಗಂಡನ ಮುಂದೆ ಕುಕ್ಕಿದಳು. ಬಾಜೂ ಮನೆಯವರು ಗೋಡೆಯ ಮೇಲಿಂದ ಇಣುಕಿ, ಉಡಿಯಲ್ಲಿ ಕಟ್ಟಿಗೆ ಹಾಕುವುದು ಯಾವ ಶಾಸ್ತ್ರ ಎಂದು ವಿಚಾರಿಸಿದರು. ಒಬ್ಬರು ಬಹುಶಃ ಒಳ್ಳೆಯ ಶಕುನ ಇರಬೇಕು, ಬಾಳಿಕೆ ಬರುತ್ತದೆ ಎಂದರು. ಕಸ್ತೂರಿ ಮಾತ್ರ ಯಾರ ಮಾತೂ ಕೇಳಿಸದವಳಂತೆ ರೊಟ್ಟಿ ಮುಟ್ಟದೆ ಚೀಲ ಹೆಗಲಿಗೆ ಹಾಕಿಕೊಂಡಳು. ಹೊಸ್ತಿಲಲ್ಲಿ ನಿಂತು, "ಅಪ್ಪಾ, ಇದನ್ನ ಹ್ಯಾಂಗರೆ ಮಾಡಿ ಸರಿ ಮಾಡು," ಎಂದು ಬಸ್ಸಿಗೆ ಹೋದಳು. ಹೋಗುತ್ತ ಕಣ್ಣೊರೆಸಿಕೊಂಡಳು. ನಾಲ್ಕು ಸಂಬಂಧ ಒಲ್ಲೆನೆಂದಾಗ ಒಂದು ಹನಿ ಕಣ್ಣೀರು ಹಾಕದ ಹುಡುಗಿ ಒಂದು ಸಲ ನೋಡಿದ ಹುಡುಗನಿಗಾಗಿ ಇಷ್ಟೇಕೆ ನೊಂದುಕೊಂಡಳು ಎಂಬುದು ರಾಯಪ್ಪನಿಗೆ ಬಗೆಹರಿಯಲಿಲ್ಲ. ಆದರೆ ಜಿನಪ್ಪನಿಗೆ ಜೊತೆಗೆ ಬರಲು ಹೇಳಿ ಕೂಡಲೇ ಹುಕ್ಕೇರಿಗೆ ಹೊರಟ.

ಅವನು ಗೋಕಾಕದ ಮಾರ್ಕೆಟಿನಲ್ಲಿ ಎರಡು ಚೀಲ ಹಣ್ಣು ತೆಗೆದುಕೊಂಡ. ಒಂದೊಂದನ್ನೂ ಉಗುರಿನಿಂದ ಚಿವುಟಿ ನೋಡಿ ತೆಗೆದುಕೊಂಡದ್ದರಿಂದ ಹಣ್ಣಿನವಳ ಬಾಯಿಂದ ಬೈಗುಳವನ್ನೂ ತೆಗೆದುಕೊಂಡ. ಕೊಣ್ಣೂರದಲ್ಲಿ ಜಿನಪ್ಪ ಬಸ್ಸು ಹತ್ತಿದ. ಹುಕ್ಕೇರಿ ಬರುವ ತನಕ ಅವನು ಬೆವರು ಒರೆಸಿಕೊಳ್ಳುತ್ತಲೇ ಇದ್ದ. ರಾಯಪ್ಪ ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದ. ತಪ್ಪು ನನ್ನದು, ಬುಟ್ಟಿ ಅದಲುಬದಲಾಯಿತು, ಶಬ್ದ ವಾಟ್ಸಾಪಿನದು, ಹೊಟ್ಟೆಗೆ ಹಾಕಿಕೊಳ್ಳಿ.

ಸಿದ್ರಾಯರ ಮನೆಯ ಮುಂದೆ ಟ್ರ್ಯಾಕ್ಟರ್ ಕಾಣಲಿಲ್ಲ. ಒಳಗೆ ಮನೆಮಂದಿಯೆಲ್ಲ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ರಾಯಪ್ಪ ಹಣ್ಣಿನ ಚೀಲ ಕೆಳಗಿಟ್ಟು ಕೈಮುಗಿದು ಬಾಯಿ ತೆರೆದ. ಸಿದ್ರಾಯರು ಕೈ ಅಡ್ಡ ಮಾಡಿದರು.

"ನೀವು ಏನೂ ಹೇಳಬ್ಯಾಡ್ರಿ ಬೀಗರ. ನಾನ ಹೇಳ್ತೇನಿ. ಆ ಟ್ರ್ಯಾಕ್ಟರ್ ನಮ್ಮದಲ್ಲ. ಬಾಜೂ ಮನಿಯವರದು. ಫೋಟೋ ತಗಸಾಕಂತ ತಂದು ನಿಲ್ಲಿಸಿದ್ವಿ."

ರಾಯಪ್ಪನಿಗೆ ತಾನು ತಂದ ಮಾತು ಯಾವುದು, ಅವರು ಆಡುತ್ತಿರುವುದು ಯಾವುದು ಎಂದು ತಾಳೆ ಬೀಳಲಿಲ್ಲ. ಅವನು ಬಾಯಿಪಾಠದ ಮೊದಲ ಸಾಲು ಹಿಡಿದು, ತಪ್ಪು ನನ್ನದು ಎಂದ. ಸಿದ್ರಾಯರ ಕಣ್ಣು ಒದ್ದೆಯಾಯಿತು. ನಮ್ಮ ಸುಳ್ಳಿನ ತಪ್ಪನ್ನೂ ನಿಮ್ಮ ಮೇಲೆ ಹಾಕಿಕೊಳ್ಳುತ್ತೀರಲ್ಲ ಎಂದು ಅವರು ಇನ್ನೊಂದನ್ನೂ ಹೊರಹಾಕಿದರು. ಹುಡುಗನ ನೌಕರಿ ವರ್ಷಪೂರ್ತಿಯದಲ್ಲ, ಕಬ್ಬು ನುರಿಸುವ ಹಂಗಾಮಿನದು. ಮಿಲ್ ಬಂದ್ ಆದರೆ ಹುಡುಗ ಮನೆಗೆ ಬಂದು ಹೊಲ ನೋಡುತ್ತಾನೆ. ರಾಮವ್ವ ಸೆರಗಿನ ಮರೆಯಿಂದ, ನಿನ್ನೆ ತಾನು ಹಾಕಿಕೊಂಡ ಬಂಗಾರದ ಗೋಧಿಸರ ನಾದಿನಿಯದು ಎಂದು ಸೇರಿಸಿದಳು.

ಆಗ ಕರೆಪ್ಪ ಮಾಸ್ತರರು ಎದ್ದು ನಿಂತರು. ಕವಾಯತಿನ ಸಾವಧಾನದಲ್ಲಿ ನಿಂತ ಹಾಗೆ ಹಿಮ್ಮಡಿ ಕೂಡಿಸಿ ನಿಂತರು. "ನಾ ಇಂಗ್ಲಿಷ್ ಮಾಸ್ತರಲ್ರಿ. ಪೀಟಿ ಮಾಸ್ತರ. ಮೂವತ್ತು ವರ್ಷ ಕೊರಳಾಗ ಸೀಟಿ ಹಾಕ್ಕೊಂಡು ಹುಡುಗರನ್ನ ಓಡಿಸೀನಿ. ನಿನ್ನೆ ನೀವು ನನ್ನ ಮೈಕಟ್ಟಿನ ಮಾತು ತಗದಾಗ ನನಗ ಗೊತ್ತಾತು, ಇವರು ಎಲ್ಲಾ ವಿಚಾರಿಸ್ಯಾರ ಅಂತ."

ಇಡೀ ವಾರ ಯಾವ ಮನುಷ್ಯನ ಇಂಗ್ಲಿಷಿಗೆ ಹೆದರಿ ತಾನು ಕುರಿಗಳ ಮೇಲೆಲ್ಲ ಶಬ್ದ ಪ್ರಯೋಗ ಮಾಡಿದನೋ, ಆ ಮನುಷ್ಯನಿಗೆ ತನಗಿಂತ ಒಂದು ಶಬ್ದ ಕಡಿಮೆಯೇ ಬರುತ್ತಿತ್ತು. ರಾಯಪ್ಪ ತಲೆ ಕೆರೆದುಕೊಂಡ. ಅದನ್ನು ಕಂಡು, ಇನ್ನೂ ಏನೋ ಬಾಕಿ ಇದೆ ಎಂದು ನೆನಪಿಸುತ್ತಿದ್ದಾನೆ ಎಂದು ಜಿನಪ್ಪನಿಗೆ ಅನ್ನಿಸಿತು. ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಮಡಿಲಲ್ಲಿಟ್ಟುಕೊಂಡ.

"ಇದು ನಾ ತಂದ ಸಂಬಂಧ ಅಲ್ಲ ರಾಯಪ್ಪಾ. ಅವರಿಬ್ಬರೂ ಮೂರು ವರ್ಷದಿಂದ ಒಬ್ಬರನ್ನೊಬ್ಬರು ಮೆಚ್ಚಿಕೊಂಡಾರ. ಕಸ್ತೂರಿನ ಬಂದು ನನ್ನ ಕೈಯಾಗ ಫೋಟೋ ಕೊಟ್ಟು, ಅಪ್ಪಗ ನೀವ ತಂದಂಗ ತೋರಸ್ರಿ ಕಾಕಾ ಅಂದಳು. ತಾಯವ್ವಗೂ ಗೊತ್ತೈತಿ."

ರಾಯಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಸಿದ್ರಾಯರಿಗೆ ಗೊತ್ತಿತ್ತು, ರಾಮವ್ವನಿಗೆ ಗೊತ್ತಿತ್ತು, ಬಾಗಿಲ ಹಿಂದೆ ನಿಂತಿದ್ದ ಯಲ್ಲೇಶನಿಗಂತೂ ಗೊತ್ತೇ ಇತ್ತು. ಬಹುಶಃ ಟ್ರ್ಯಾಕ್ಟರಿನ ಮಾಲೀಕನಿಗೂ ಗೊತ್ತಿದ್ದಿರಬೇಕು. ಗೊತ್ತಿಲ್ಲದವನು ಹುಡುಗಿಯ ಅಪ್ಪ ಒಬ್ಬನೇ. ಅವನಿಗೆ ಆಗ ಸಿಟ್ಟು ಬರಲಿಲ್ಲ. ಬಹಳ ಬೇಸರವಾಯಿತು. ತನ್ನ ಮಗಳು ಕೊಣ್ಣೂರದ ತನಕ ಹೋಗಿ ಬಟ್ಟೆ ಅಂಗಡಿಯವನ ಮುಂದೆ ಹೇಳಿದ ಮಾತನ್ನು ಪಡಸಾಲೆಯಲ್ಲಿ ಕೂತ ತನ್ನ ಮುಂದೆ ಹೇಳಲಿಲ್ಲವಲ್ಲ ಎಂದುಕೊಂಡ.

ಸಿದ್ರಾಯರು ಕೈಮುಗಿದು, ಇಷ್ಟೆಲ್ಲ ಗೊತ್ತಿದ್ದೂ ನಮ್ಮನ್ನು ಹದಿಮೂರು ಮಂದಿಯ ಮುಂದೆ ಬಯಲು ಮಾಡದೆ, ಇಂಗ್ಲಿಷಿನಲ್ಲಿ ಸೂಕ್ಷ್ಮವಾಗಿ ತಿಳಿಸಿದಿರಿ, ಈಗ ಹುಡುಗರ ಬಾಳು ನಿಮ್ಮ ಕೈಯಲ್ಲಿದೆ ಎಂದರು.

"ನನಗ ಏನಂದ್ರ ಏನೂ ಗೊತ್ತಿರಲಿಲ್ರಿ," ಎಂದ ರಾಯಪ್ಪ. ಅವನ ಜೀವಮಾನದಲ್ಲಿ ಇಷ್ಟು ಖರೆ ಮಾತನ್ನು ಅವನು ಆಡಿರಲಿಲ್ಲ.

ಕರೆಪ್ಪ ಮಾಸ್ತರರು ಮೆಚ್ಚಿ ತಲೆದೂಗಿದರು. ನೋಡಿ ದೊಡ್ಡವರ ಗುಣ, ನಮ್ಮ ಮಾನ ಉಳಿಸಲಿಕ್ಕೆ ಈಗಲೂ ಏನೂ ಗೊತ್ತಿಲ್ಲದಂತೆ ಕೂತಿದ್ದಾರೆ ಎಂದು ರಾಮವ್ವನಿಗೆ ಹೇಳಿದರು. ರಾಯಪ್ಪ ಬುಟ್ಟಿಯ ಕಥೆಯನ್ನು ಮೊದಲಿಂದ ಹೇಳಿದ, ವಾಟ್ಸಾಪ್ ತೆಗೆದು ತೋರಿಸಿದ, ಮನೆದೇವರ ಆಣೆ ಇಟ್ಟ. ಅವನು ಹೇಳಿದಷ್ಟೂ ಅವರ ಗೌರವ ಏರುತ್ತ ಹೋಯಿತು. ಹಲ್ಲು ಬಿದ್ದ ಮುದುಕಿಯೂ ಬಂದು, ಹೆಂಗಿದ್ದರೂ ಅಲ್ಲಾಡುತ್ತಿದ್ದ ಹಲ್ಲು ಎಂದು ಅವನಿಗೆ ಸಮಾಧಾನ ಹೇಳಿದಳು. ಕಡೆಗೆ ಅವನು ಸೋತು, ಮಗಳನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದು ಎದ್ದ.

ಮನೆಗೆ ಹೋಗದೆ ನೆಟ್ಟಗೆ ಮೂಡಲಗಿಯ ಬಸ್ಸು ಹಿಡಿದ. ದಾರಿಯಲ್ಲಿ ಸಿಟ್ಟೇರಿ, ಮಗಳಿಗೆ ಆಡಬೇಕಾದ ಬಿರುಸು ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡ. ಸಾಲಿ ಬಿಡುವ ಹೊತ್ತಿಗೆ ಸರಿಯಾಗಿ ತಲುಪಿ ಗೇಟಿನ ಹತ್ತಿರ ನಿಂತ. ಬೆಳಿಗ್ಗೆಯಿಂದ ಅವಳು ಏನೂ ತಿಂದಿಲ್ಲ ಎಂಬುದು ನೆನಪಾಗಿ, ಸಿಟ್ಟಿನಲ್ಲೇ ಎಂಟು ಮಿರ್ಚಿ ಭಜಿ ಕಟ್ಟಿಸಿಕೊಂಡ.

ಕಸ್ತೂರಿ ಹೊರಗೆ ಬಂದವಳು ಅಪ್ಪನನ್ನು ಕಂಡು ಅಲ್ಲೇ ನಿಂತಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಟ್ಟೆಗೆ ಬಂದು ಕೂತರು. ಲಗ್ನಕ್ಕೆ ಅವರದೇನೂ ತಕರಾರಿಲ್ಲ ಎಂದ ರಾಯಪ್ಪ. ಅವಳು ಹೆಗಲ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಜಿನಪ್ಪಕಾಕಾ ಎಲ್ಲಾ ಹೇಳಿದ್ರೇನು?"

ರಾಯಪ್ಪ ಭಜಿಯ ಪೊಟ್ಟಣ ಬಿಚ್ಚಿ ನಡುವೆ ಇಟ್ಟ. ಕಸ್ತೂರಿಗೆ ಅಷ್ಟರಿಂದಲೇ ಉತ್ತರ ಸಿಕ್ಕಿತು. ಅವಳ ಕಣ್ಣಿಂದ ಬಳಬಳ ನೀರು ಇಳಿಯಿತು.

"ನನ್ನ ಮಗಳು ನನ್ನ ಮುಂದ ಏನೂ ಮುಚ್ಚಿಡಂಗಿಲ್ಲ ಅಂತ ಊರ ತುಂಬ ಹೇಳ್ಕೋತ ಅಡ್ಡಾಡತಿದ್ದಿ ಅಪ್ಪಾ. ನೀ ಹಂಗ ಹೇಳಿದಂಗೆಲ್ಲಾ ನನಗ ಬಾಯಿ ತಗಿಯಾಕ ಆಗಲಿಲ್ಲ. ಮೂರು ವರ್ಷ ನಿನಗ ಮೋಸ ಮಾಡೇನಿ ನಾ."

ಹುಕ್ಕೇರಿಯಿಂದ ಜೋಡಿಸಿಕೊಂಡು ತಂದ ಮಾತುಗಳನ್ನೆಲ್ಲ ರಾಯಪ್ಪ ಅಲ್ಲೇ ಕೈಬಿಟ್ಟ. ಮಗಳು ಅಳುವುದನ್ನು ಅವನು ಚಿಕ್ಕಂದಿನಲ್ಲೂ ತಡೆದುಕೊಂಡವನಲ್ಲ.

"ಮೋಸ ಯಾತರದು? ನನಗ ಗೊತ್ತಿತ್ತಲ್ಲ."

ಕಸ್ತೂರಿ ತಲೆಯೆತ್ತಿದಳು. "ಗೊತ್ತಿತ್ತು?"

"ಮೊದಲಿಂದ ಗೊತ್ತಿತ್ತು. ನೀನ ಹೇಳಲಿ ಅಂತ ಸುಮ್ಮನಿದ್ನಿ. ಬ್ಯಾರೆಯವರ ಮುಂದ ಗೊತ್ತಿಲ್ಲ ಅಂತ ಹೇಳಿ ಬಂದೇನಿ, ಅದು ಬ್ಯಾರೆ ಮಾತು. ನಿಮ್ಮಿಬ್ಬರನ್ನೂ ಬಸ್ಸಿನ್ಯಾಗ ನೋಡಿದ್ನಿ ನಾ."

ಅವಳು ಕಣ್ಣೊರೆಸಿಕೊಂಡು ಅಪ್ಪನ ಕಡೆ ತಿರುಗಿದಳು. "ನಾವು ಎಂದೂ ಬಸ್ಸಿನ್ಯಾಗ ಕೂಡಿ ಹೋಗಿಲ್ಲಪಾ. ಬೆಳಗಾವಿಯೊಳಗ ಪರೀಕ್ಷಾ ಬರಿಯಾಕ ಹೋದಾಗ ಭೇಟಿ ಆದ್ವಿ. ಅವತ್ತು ನೀನೂ ಬಂದಿದ್ದಿ. ಪರೀಕ್ಷಾ ಮುಗದ ಮ್ಯಾಲ ಮೂರೂ ಮಂದಿ ಒಂದ ಗಿಡದ ಕೆಳಗ ಕುಂತು ಉಂಡ್ವಿ. ನಿನ್ನ ಬುತ್ತಿಯಾಗಿನ ರೊಟ್ಟಿ ಅವರಿಗೆ ನೀನ ಕೈಯಾರೆ ಕೊಟ್ಟಿದ್ದಿ."

ರಾಯಪ್ಪ ನೆನಪು ಕೆದಕಿದ. ಗಿಡ ನೆನಪಾಯಿತು, ರೊಟ್ಟಿ ನೆನಪಾಯಿತು, ಜೊತೆಗಿದ್ದ ಶೇಂಗಾ ಚಟ್ನಿಯೂ ನೆನಪಾಯಿತು. ರೊಟ್ಟಿಗೆ ಕೈಚಾಚಿದವನ ಮುಖ ಮಾತ್ರ ಏನು ಮಾಡಿದರೂ ಕಣ್ಣ ಮುಂದೆ ಬರಲಿಲ್ಲ. ಮಗಳು ಉತ್ತರಕ್ಕೆ ಕಾಯುತ್ತಿದ್ದಳು.

"ಅದೂ ಗೊತ್ತಿತ್ತು," ಎಂದು ಅವನು ಭಜಿಯ ಪೊಟ್ಟಣವನ್ನು ಅವಳ ಕಡೆ ಸರಿಸಿದ.